ದಿ ವೀವರ್ಸ್ ಗಾಯನ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ವೀವರ್ಸ್ ಅಂದರೆ ಯಾರು? ತಂಡದಲ್ಲಿ ಎಷ್ಟು ಜನ ಇದ್ದರು?

1948ರ ಕೊನೆಗೆ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್ ಬಡಾವಣೆಯಲ್ಲಿ ಒಟ್ಟುಗೂಡಿದ ಅಮೆರಿಕದ ನಾಲ್ವರು ಜನಪದ ಗಾಯಕರು. ಪೀಟ್ ಸೀಗರ್ ಐದು ತಂತಿಯ ಬ್ಯಾಂಜೊ ನುಡಿಸುತ್ತ ಎತ್ತರದ ದನಿಯಲ್ಲಿ ಹಾಡುತ್ತಿದ್ದರು. ಲೀ ಹೇಸ್ ಅರ್ಕಾನ್ಸಾಸಿನ ಪಾದ್ರಿಯೊಬ್ಬರ ಮಗ, ಚರ್ಚಿನ ಹಾಡುಗಳಲ್ಲಿ ಬೆಳೆದ ಮಂದ್ರದ ದನಿ ಅವರದು. ರಾನಿ ಗಿಲ್ಬರ್ಟ್ ತಂಡದ ಒಬ್ಬಳೇ ಹೆಣ್ಣು, ತುಂಬು ಕಂಠದ ಆಲ್ಟೊ. ಫ್ರೆಡ್ ಹೆಲರ್‌ಮನ್ ಗಿಟಾರ್ ನುಡಿಸುತ್ತ ನಡುದನಿ ಹಿಡಿಯುತ್ತಿದ್ದರು. ತಂಡ ಕಟ್ಟಿದಾಗ ಹೇಸ್‌ಗೆ 34, ಸೀಗರ್‌ಗೆ 29, ಗಿಲ್ಬರ್ಟ್‌ಗೆ 22, ಹೆಲರ್‌ಮನ್‌ಗೆ 21. ಈ ವಯಸ್ಸಿನ ಅಂತರ ನೆನಪಿನಲ್ಲಿಟ್ಟುಕೊಳ್ಳಿ. ಹಿರಿಯರಿಬ್ಬರು ಆಗಲೇ ಒಂದು ತಂಡ ಕಟ್ಟಿ, ಅದು ಮುರಿದುಬಿದ್ದದ್ದನ್ನೂ ನೋಡಿದ್ದವರು.

ಆ ಹಳೆಯ ತಂಡ ಯಾವುದು?

ಅಲ್ಮನ್ಯಾಕ್ ಸಿಂಗರ್ಸ್. 1941ರಲ್ಲಿ ಸೀಗರ್, ಹೇಸ್ ಮತ್ತು ಮಿಲರ್ಡ್ ಲ್ಯಾಂಪೆಲ್ ಕಟ್ಟಿದ ತಂಡ; ಹಾಡು ಕಟ್ಟಿ ಹಾಡುತ್ತಿದ್ದ ವುಡಿ ಗತ್ರಿ ಆಮೇಲೆ ಸೇರಿಕೊಂಡರು. ಕಾರ್ಮಿಕ ಸಂಘಗಳ ಸಭೆಗಳಲ್ಲಿ ಹಾಡುವುದೇ ಕೆಲಸ. ಮೊದಲು ಅಮೆರಿಕ ಯುದ್ಧಕ್ಕೆ ಇಳಿಯಬಾರದೆಂದು ಹಾಡಿದರು. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ ಮೇಲೆ ಅದೇ ಬಾಯಲ್ಲಿ ಯುದ್ಧ ಬೇಕೆಂದು ಹಾಡಿದರು. ಪತ್ರಿಕೆಗಳು ಇದನ್ನು ಎತ್ತಿ ಆಡಿದವು, ರೇಡಿಯೊ ಬಾಗಿಲು ಮುಚ್ಚಿತು, ಸೀಗರ್ ಸೈನ್ಯಕ್ಕೆ ಹೋದರು, ತಂಡ ಚದುರಿತು. ವೀವರ್ಸ್‌ಗೆ ಮುಂದೆ ಆದದ್ದರ ಸಣ್ಣ ಪ್ರತಿ ಇಲ್ಲೇ ಕಾಣುತ್ತದೆ.

ಯುದ್ಧ ಮುಗಿದ ಮೇಲೆ ಇವರೇ ಪೀಪಲ್ಸ್ ಸಾಂಗ್ಸ್ ಎಂಬ ಸಂಸ್ಥೆ ಕಟ್ಟಿ ಹಾಡಿನ ಪತ್ರಿಕೆ ಹೊರಡಿಸಿದರು. ಅದು 1949ರಲ್ಲಿ ದಿವಾಳಿಯಾಯಿತು. ವೀವರ್ಸ್ ಹುಟ್ಟಿದ್ದು ಈ ಸೋಲುಗಳ ನಡುವೆ.

ಹೆಸರು ನೇಕಾರರು ಎಂದು ಏಕೆ? ಇವರಲ್ಲಿ ಯಾರಾದರೂ ನೇಯುತ್ತಿದ್ದರೇ?

ಇಲ್ಲ. ಜರ್ಮನಿಯ ಗೆರ್ಹಾರ್ಟ್ ಹೌಪ್ಟ್‌ಮನ್ 1892ರಲ್ಲಿ ಬರೆದ ನಾಟಕದ ಹೆಸರದು. 1844ರಲ್ಲಿ ಸೈಲೀಸಿಯಾದ ಮಗ್ಗದ ಕೆಲಸಗಾರರು ಕೂಲಿ ಕಡಿತದ ವಿರುದ್ಧ ದಂಗೆಯೆದ್ದದ್ದು ಅದರ ಕತೆ. ಹೆಸರು ಸೂಚಿಸಿದವರು ಹೆಲರ್‌ಮನ್. ಅದಕ್ಕೂ ಮುಂಚೆ ತಂಡಕ್ಕೆ ಹೆಸರೇ ಇರಲಿಲ್ಲ. ಕೇಳುವವರಿಗೆ ದಾರದ ಎಳೆಗಳು ಹೆಣೆದುಕೊಂಡಂತೆ ದನಿಗಳು ಹೆಣೆದುಕೊಳ್ಳುತ್ತವೆ ಎಂಬ ಅರ್ಥವೂ ಹೊಳೆಯುತ್ತದೆ. ಎರಡೂ ಇರಲಿ, ಆದರೆ ಮೂಲ ದಂಗೆಯದ್ದು.

ಸಭೆಗಳಲ್ಲಿ ಹಾಡುತ್ತಿದ್ದವರು ರೆಕಾರ್ಡ್ ಕಂಪನಿಯ ಕಣ್ಣಿಗೆ ಬಿದ್ದದ್ದು ಹೇಗೆ?

ಹೊಟ್ಟೆಪಾಡಿನಿಂದ. ಒಂದು ವರ್ಷ ಚಂದಾ ಎತ್ತುವ ಕಾರ್ಯಕ್ರಮಗಳಲ್ಲಿ ಹಾಡಿ ಕೈಗೆ ಏನೂ ಬಾರದೆ ತಂಡ ಬಿಡುವ ಮಾತು ನಡೆದಿತ್ತು. 1949ರ ಡಿಸೆಂಬರಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ, ಮ್ಯಾಕ್ಸ್ ಗಾರ್ಡನ್ ಎಂಬ ಮಾಲೀಕರ ಬಳಿ, ಹಾಡಲು ಸೇರಿಕೊಂಡರು. ಸೀಗರ್ ಒಬ್ಬರಿಗೇ ಸಿಗಬೇಕಿದ್ದ ಸಂಬಳ ನಾಲ್ವರ ನಡುವೆ ಹಂಚಿಹೋಯಿತು. ಎರಡು ವಾರಕ್ಕೆಂದು ಹೋದವರು ಸುಮಾರು ಆರು ತಿಂಗಳು ಅಲ್ಲೇ ಉಳಿದರು. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಬಂದು ಕೇಳಿ ಹೊಗಳಿದ್ದು ಪತ್ರಿಕೆಯಲ್ಲಿ ಬಂದಮೇಲೆ ಜನ ಹೆಚ್ಚಿದರು.

ಹಾಗೆ ಬಂದವರಲ್ಲಿ ಗಾರ್ಡನ್ ಜೆಂಕಿನ್ಸ್ ಒಬ್ಬರು. ಡೆಕ್ಕಾ ಕಂಪನಿಯಲ್ಲಿ ವಾದ್ಯವೃಂದ ನಡೆಸುತ್ತಿದ್ದ, ಪಿಟೀಲುಗಳ ರಾಶಿಯನ್ನು ಪ್ರೀತಿಸುತ್ತಿದ್ದ ಮನುಷ್ಯ. ಕಂಪನಿ ಹಿಂಜರಿದರೂ ಅವರು ಹಟ ಬಿಡಲಿಲ್ಲ. 1950ರ ಬೇಸಿಗೆಗೆ ಮೊದಲ ಪ್ಲೇಟು ಬಂತು: ಒಂದು ಮಗ್ಗುಲಿಗೆ ಹೀಬ್ರೂ ಹಾಡು ‘ತ್ಸೇನಾ ತ್ಸೇನಾ’, ಇನ್ನೊಂದಕ್ಕೆ ‘ಗುಡ್‌ನೈಟ್ ಐರೀನ್’. ಕಂಪನಿ ನಂಬಿದ್ದು ಮೊದಲನೆಯದನ್ನು. ಅದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಹಿಂಬದಿಯ ಐರೀನ್ ಹದಿಮೂರು ವಾರ ಮೊದಲ ಸ್ಥಾನದಲ್ಲಿ ಕೂತಿತು.

ಒಂದೇ ಹಾಡಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಸ್ಥಾನ ಕೊಟ್ಟಿರುತ್ತಾರಲ್ಲ, ಯಾವುದು ಸರಿ?

ಸಾಮಾನ್ಯವಾಗಿ ಎಲ್ಲವೂ ಸರಿ. ಆ ಕಾಲದಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಒಂದೇ ಪಟ್ಟಿ ಹಾಕುತ್ತಿರಲಿಲ್ಲ. ಅಂಗಡಿಯಲ್ಲಿ ಮಾರಾಟವಾದ ಲೆಕ್ಕಕ್ಕೆ ಒಂದು, ರೇಡಿಯೊದಲ್ಲಿ ಹಾಕಿದ್ದಕ್ಕೆ ಒಂದು, ಜ್ಯೂಕ್‌ಬಾಕ್ಸಿನಲ್ಲಿ ಕಾಸು ಹಾಕಿ ಕೇಳಿದ್ದಕ್ಕೆ ಇನ್ನೊಂದು. ಎಲ್ಲವನ್ನೂ ಸೇರಿಸಿದ ಹಾಟ್ 100 ಶುರುವಾದದ್ದು 1958ರ ಆಗಸ್ಟಿನಲ್ಲಿ. 1950–52ರ ಹಾಡಿಗೆ ‘ಹಾಟ್ 100ರಲ್ಲಿ ಇಷ್ಟನೇ ಸ್ಥಾನ’ ಎಂದು ಯಾರಾದರೂ ಬರೆದಿದ್ದರೆ ಆ ಬರಹವನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಐರೀನ್ ಹಾಡು ಯಾರದ್ದು?

ಲೆಡ್ ಬೆಲ್ಲಿ ಎಂದು ಹೆಸರಾದ ಹಡ್ಡಿ ಲೆಡ್‌ಬೆಟರ್ ಅವರಿಂದ ಬಂದದ್ದು. 1933ರಲ್ಲಿ ಲೂಯಿಸಿಯಾನಾದ ಅಂಗೋಲಾ ಜೈಲಿನಲ್ಲಿ ಅವರು ಕೈದಿಯಾಗಿದ್ದಾಗ ಜಾನ್ ಲೊಮ್ಯಾಕ್ಸ್ ಎಂಬ ಸಂಗ್ರಾಹಕ ಅದನ್ನು ಮುದ್ರಿಸಿಕೊಂಡರು. ಅದರ ಹಿಂದೆಯೂ ಒಂದು ಎಳೆ ಇದೆ: ಗಸ್ಸಿ ಡೇವಿಸ್ ಎಂಬ ಕಪ್ಪು ರಚನೆಕಾರ 1886ರಲ್ಲಿ ಪ್ರಕಟಿಸಿದ ಹಾಡಿನ ನೆರಳು ಇದರಲ್ಲಿದೆ. ಲೆಡ್ ಬೆಲ್ಲಿ ಅದನ್ನು ತಮ್ಮ ಮನೆತನದವರಿಂದ ಕಲಿತು, ವರ್ಷಗಟ್ಟಲೆ ಹಾಡಿ, ತಮ್ಮದೇ ಮಾಡಿಕೊಂಡಿದ್ದರು.

ವೀವರ್ಸ್ ಮಾಡಿದ ಬದಲಾವಣೆ ಎರಡು. ಬೇಸತ್ತ ಪ್ರೇಮಿ ಮಾರ್ಫಿನ್ ನುಂಗಿ ಸಾಯುವ ಮಾತಾಡುವ ಭಾಗವನ್ನು ಕೈಬಿಟ್ಟರು. ಪಲ್ಲವಿಯಲ್ಲಿ, ಕನಸಿನಲ್ಲಿ ನಿನ್ನನ್ನು ‘ಪಡೆಯುತ್ತೇನೆ’ ಎಂಬುದು ‘ನೋಡುತ್ತೇನೆ’ ಎಂದಾಯಿತು. ಒಂದು ಕ್ರಿಯಾಪದ ಬದಲಾದದ್ದಷ್ಟೆ, ಹಾಡಿನ ಚರ್ಮವೇ ಬದಲಾಯಿತು. ಮೂಲದ ಒರಟು ಹಸಿವು ಹೋಗಿ ಲಾಲಿಯ ಮೆದುತನ ಬಂತು. ಮೇಲಿನಿಂದ ಜೆಂಕಿನ್ಸ್‌ರ ಪಿಟೀಲು.

ಲೆಡ್ ಬೆಲ್ಲಿ ಇದನ್ನು ಕೇಳಲಿಲ್ಲ. 1949ರ ಡಿಸೆಂಬರ್ 6ರಂದು, ಹಾಡು ದೇಶವೆಲ್ಲ ಮೊಳಗುವುದಕ್ಕೆ ಏಳೆಂಟು ತಿಂಗಳ ಮುಂಚೆ, ಬಡತನದಲ್ಲೇ ತೀರಿಕೊಂಡರು.

ವೀವರ್ಸ್ ಹಾಡಿದ ‘ವಿಮೊವೆ’ ಹಾಡಿನಲ್ಲಿ ಆ ಮಾತಿಗೆ ಏನು ಅರ್ಥ?

ಏನೂ ಇಲ್ಲ, ಅದು ತಪ್ಪಾಗಿ ಕೇಳಿಸಿಕೊಂಡ ಮಾತು. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು, ಏಕೆಂದರೆ ತಂಡದ ಚರಿತ್ರೆಯಲ್ಲಿ ಅತ್ಯಂತ ಇರುಸುಮುರುಸಿನ ಅಧ್ಯಾಯ ಇದು.

1939ರಲ್ಲಿ ಜೊಹಾನ್ಸ್‌ಬರ್ಗಿನ ಗ್ಯಾಲೊ ಕಂಪನಿಯಲ್ಲಿ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ ತನ್ನ ಈವನಿಂಗ್ ಬರ್ಡ್ಸ್ ತಂಡದೊಂದಿಗೆ ‘ಂಬೂಬೆ’ ಎಂಬ ಹಾಡು ಮುದ್ರಿಸಿದ. ಂಬೂಬೆ ಎಂದರೆ ಜುಲು ನುಡಿಯಲ್ಲಿ ಸಿಂಹ. ಹಿಮ್ಮೇಳದವರು ‘ಉಯಿಂಬೂಬೆ’, ಅಂದರೆ ‘ನೀನೇ ಸಿಂಹ’, ಎಂದು ಕೆಳದನಿಯಲ್ಲಿ ಸುತ್ತು ಹಾಕುತ್ತಿದ್ದರೆ ಲಿಂಡಾ ಅದರ ಮೇಲೆ ಕಳ್ಳದನಿಯಲ್ಲಿ ತೇಲಾಡುತ್ತಿದ್ದ. ಆಫ್ರಿಕದಲ್ಲಿ ಆ ಪ್ಲೇಟು ಸುಮಾರು 1 ಲಕ್ಷ ಮಾರಾಟವಾಯಿತು. ಅದರ ಒಂದು ಪ್ರತಿ ಜಾನ್ ಲೊಮ್ಯಾಕ್ಸ್‌ರ ಮಗ ಅಲನ್ ಲೊಮ್ಯಾಕ್ಸ್ ಕೈ ದಾಟಿ ಸೀಗರ್‌ಗೆ ಸಿಕ್ಕಿತು. ಸೀಗರ್ ಪ್ಲೇಟು ಹಾಕಿ ಹಾಕಿ ಕೇಳಿ ಬರೆದುಕೊಂಡಾಗ ‘ಉಯಿಂಬೂಬೆ’ ಅವರ ಕಿವಿಗೆ ‘ವಿಮೊವೆ’ ಎಂದು ಬಿತ್ತು. ವೀವರ್ಸ್ ಮುದ್ರಿಕೆ ಜನಪ್ರಿಯವಾದದ್ದು 1952ರಲ್ಲಿ.

ದುಡ್ಡಿನ ಕತೆ ಹೀಗಿದೆ. ಲಿಂಡಾ ಹಾಡಿನ ಹಕ್ಕನ್ನು ಗ್ಯಾಲೊಗೆ 10 ಷಿಲಿಂಗ್‌ಗೆ ಬರೆದುಕೊಟ್ಟಿದ್ದ. ಅಮೆರಿಕದ ಪ್ಲೇಟಿನ ಮೇಲೆ ರಚನೆಕಾರನೆಂದು ‘ಪಾಲ್ ಕ್ಯಾಂಪ್‌ಬೆಲ್’ ಎಂಬ ಹೆಸರಿತ್ತು. ಅಂಥ ಮನುಷ್ಯನೇ ಇಲ್ಲ. ಜನಪದ ಹಾಡುಗಳಿಗೆ ತಾವು ಮಾಡಿದ ಅಳವಡಿಕೆಗೆ ಹಕ್ಕುಸ್ವಾಮ್ಯ ಪಡೆಯಲು ವೀವರ್ಸ್ ಮತ್ತು ಅವರ ಪ್ರಕಾಶಕರು ಬಳಸುತ್ತಿದ್ದ ಕಲ್ಪಿತ ಹೆಸರು ಅದು. ಹಾಡು ಯಾರೋ ಒಬ್ಬನ ರಚನೆ, ಊರೊಟ್ಟಿನದಲ್ಲ ಎಂದು ತಿಳಿದಮೇಲೆ ಸೀಗರ್ 1,000 ಡಾಲರ್ ಚೆಕ್ ಕಳಿಸಿಕೊಟ್ಟರು, ಬರುವ ಹಣವನ್ನೂ ಲಿಂಡಾಗೆ ಕಳಿಸಿ ಎಂದು ಪ್ರಕಾಶಕರಿಗೆ ಹೇಳಿದರು. ಹೇಳಿದ್ದು ಸರಿಯಾಗಿ ನಡೆಯುತ್ತಿದೆಯೇ ಎಂದು ಬೆನ್ನು ಹತ್ತಲಿಲ್ಲ. 1961ರಲ್ಲಿ ಟೋಕನ್ಸ್ ಎಂಬ ತಂಡ ಇದೇ ರಾಗಕ್ಕೆ ಇಂಗ್ಲಿಷ್ ಮಾತು ಕೂಡಿಸಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಮಾಡಿತು. ಮುಂದೆ ಅದು ಡಿಸ್ನಿ ಚಿತ್ರಕ್ಕೂ ಹೋಯಿತು. ಲಿಂಡಾ 1962ರಲ್ಲಿ ತೀರಿಕೊಂಡಾಗ ಮನೆಯವರಿಗೆ ಸಮಾಧಿಯ ಕಲ್ಲು ಹಾಕಿಸಲೂ ಕಾಸಿರಲಿಲ್ಲ.

ಕೊನೆಗೆ ಮನೆಯವರ ಕೈಹಿಡಿದದ್ದು ಬ್ರಿಟಿಷರ ಹಳೆಯ ಕಾನೂನು. 1911ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ರಚನೆಕಾರ ಬದುಕಿದ್ದಾಗ ಹಕ್ಕು ಮಾರಿಕೊಂಡಿದ್ದರೂ ಅವನು ಸತ್ತ 25 ವರ್ಷದ ಮೇಲೆ ಅದು ವಾರಸುದಾರರಿಗೆ ಮರಳಬೇಕು. ಲಿಂಡಾ ವಿಷಯದಲ್ಲಿ ಆ ವರ್ಷ 1987. ಇದನ್ನೇ ಹಿಡಿದು ದಕ್ಷಿಣ ಆಫ್ರಿಕದಲ್ಲಿ ಡಿಸ್ನಿ ಮೇಲೆ ದಾವೆ ಹೂಡಿದರು. 2006ರಲ್ಲಿ ರಾಜಿಯಾಗಿ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಸೀಗರ್ ಒಳ್ಳೆಯ ಮನುಷ್ಯ ಎಂಬುದೂ ನಿಜ, ಲಿಂಡಾಗೆ ಅನ್ಯಾಯವಾದದ್ದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಹಾಗಾದರೆ ಇವರು ಸ್ವಂತ ಹಾಡು ಬರೆಯಲೇ ಇಲ್ಲವೇ?

ಬರೆದರು. ‘ಇಫ್ ಐ ಹ್ಯಾಡ್ ಎ ಹ್ಯಾಮರ್’ 1949ರಲ್ಲಿ ಹೇಸ್ ಮಾತು ಬರೆದು ಸೀಗರ್ ರಾಗ ಹಾಕಿದ್ದು. ಆಗ ಅದು ಓಡಲಿಲ್ಲ. ಸುತ್ತಿಗೆ ಎಂಬ ಮಾತೇ ಕೆಂಪಾಗಿ ಕಾಣುತ್ತಿದ್ದ ದಿನಗಳು. 1962ರಲ್ಲಿ ಪೀಟರ್, ಪಾಲ್ ಅಂಡ್ ಮೇರಿ ಅದನ್ನೇ ಸ್ವಲ್ಪ ತಿದ್ದಿ ಹಾಡಿದಾಗ ಮನೆಮಾತಾಯಿತು.

‘ಕಿಸಸ್ ಸ್ವೀಟರ್ ದ್ಯಾನ್ ವೈನ್’ ಹುಟ್ಟಿದ ರೀತಿ ಮೋಜಿನದು. ಸತ್ತ ಹಸುವಿಗಾಗಿ ರೈತ ಗೋಳಾಡುವ ಐರಿಷ್ ಹಾಡೊಂದು ಲೆಡ್ ಬೆಲ್ಲಿ ಕಿವಿಗೆ ಬಿತ್ತು. ಅವರು ಅದರ ನಡೆಯನ್ನು ತಮಗೆ ಬೇಕಾದಂತೆ ಮುರಿದು ಕಟ್ಟಿದರು. ಸೀಗರ್ ಅದನ್ನು ನೆನಪಿಟ್ಟುಕೊಂಡು ಪಲ್ಲವಿ ಮಾಡಿದರು. ಹೇಸ್ ಚರಣಗಳನ್ನು ಬರೆದರು. ಹಸುವಿನ ಶೋಕ ಗಂಡಹೆಂಡಿರ ಒಲವಿನ ಹಾಡಾಯಿತು. ವುಡಿ ಗತ್ರಿ ಅವರ ‘ಸೋ ಲಾಂಗ್’ ಕೂಡ ಹೀಗೆಯೇ. ಮೂಲದಲ್ಲಿ ಅದು 1935ರ ಧೂಳಿನ ಬಿರುಗಾಳಿಯ ಹಾಡು, ಟೆಕ್ಸಸ್‌ನಲ್ಲಿ ಗತ್ರಿ ಕಣ್ಣಾರೆ ಕಂಡದ್ದು. ವೀವರ್ಸ್‌ಗಾಗಿ ಗತ್ರಿಯೇ ಧೂಳನ್ನು ಕೊಡವಿ ಹೊಸ ಚರಣ ಬರೆದುಕೊಟ್ಟರು.

ಇವರು ನಿಜಕ್ಕೂ ಕಮ್ಯುನಿಸ್ಟರಾಗಿದ್ದರೇ?

ಸೀಗರ್ 1942ರಲ್ಲಿ ಪಕ್ಷ ಸೇರಿ ಆ ದಶಕದ ಕೊನೆಗೆ ಹೊರಬಂದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಉಳಿದವರೂ ಎಡಪಂಥದ ಸುತ್ತಮುತ್ತ ಬೆಳೆದವರೇ. ಆದರೆ ಹೆಸರು ಬಂದ ಎರಡು ವರ್ಷ ವೇದಿಕೆಯಲ್ಲಿ ರಾಜಕೀಯದ ಹಾಡು ಬಹುಪಾಲು ಹಾಡಲಿಲ್ಲ, ಸಭೆಗಳಿಗೂ ಹೋಗಬೇಡಿ ಎಂದು ಮ್ಯಾನೇಜರ್ ಪೀಟ್ ಕ್ಯಾಮರಾನ್ ಹೇಳಿದ್ದರು. ಹೀಗಾಗಿ ಹಳೆಯ ಗೆಳೆಯರು ‘ಮಾರಿಕೊಂಡರು’ ಎಂದು ಬೈದರು, ಬಲಪಂಥದವರು ‘ಒಳಗೊಳಗೇ ಕೆಂಪು’ ಎಂದು ಬೈದರು.

ಕಪ್ಪುಪಟ್ಟಿ ಅಂದರೆ ಏನು? ಸರ್ಕಾರ ಇವರನ್ನು ನಿಷೇಧಿಸಿತೇ?

ಸರ್ಕಾರದ ನಿಷೇಧಾಜ್ಞೆ ಎಂಬುದು ಇರಲೇ ಇಲ್ಲ. ಅಲ್ಲೇ ಅದರ ಕ್ರೌರ್ಯ. ವಿರೋಧಿಸಲು ಕಾಗದವೇ ಇಲ್ಲ, ಮೇಲ್ಮನವಿ ಹಾಕಲು ನ್ಯಾಯಾಲಯವೂ ಇಲ್ಲ. 1950ರ ಜೂನ್‌ನಲ್ಲಿ, ಐರೀನ್ ಪ್ಲೇಟು ಹೊರಬರುತ್ತಿದ್ದ ಹೊತ್ತಿಗೇ, ‘ರೆಡ್ ಚಾನೆಲ್ಸ್’ ಎಂಬ ಖಾಸಗಿ ಕಿರುಹೊತ್ತಿಗೆ ಬಂತು. ರೇಡಿಯೊ, ಟಿವಿಯಲ್ಲಿ ಕೆಲಸ ಮಾಡುವವರಲ್ಲಿ ಅನುಮಾನಾಸ್ಪದರು ಎಂದು 151 ಹೆಸರು ಅದರಲ್ಲಿದ್ದವು. ಸೀಗರ್ ಹೆಸರೂ ಇತ್ತು. ಅದನ್ನು ಓದುತ್ತಿದ್ದವರು ಜಾಹೀರಾತು ಕೊಡುವ ಕಂಪನಿಗಳು. ಅವರಿಗೆ ನಾಲ್ಕು ಬೆದರಿಕೆ ಪತ್ರ ಬಂದರೆ ಸಾಕು, ಕಾರ್ಯಕ್ರಮದವರಿಗೆ ಒಂದು ಫೋನ್ ಹೋಗುತ್ತಿತ್ತು. 1951ರಲ್ಲಿ ಓಹಾಯೊ ರಾಜ್ಯದ ಜಾತ್ರೆಯ ಕಾರ್ಯಕ್ರಮ ರದ್ದಾದ ಹಿಂದೆ ಎಫ್‌ಬಿಐ ಗುಟ್ಟಾಗಿ ಕೊಟ್ಟ ಮಾಹಿತಿ ಇತ್ತು.

ಪೂರ್ಣ ಏಟು ಬಿದ್ದದ್ದು 1952ರ ಫೆಬ್ರವರಿಯಲ್ಲಿ. ಹಾರ್ವಿ ಮಟುಸೊ ಎಂಬ ಎಫ್‌ಬಿಐ ಮಾಹಿತಿದಾರ, ಅಮೆರಿಕ ಸಂಸತ್ತಿನ ಕೆಳಮನೆಯ ‘ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿ’ ಎದುರು ತಂಡದ ಮೂವರು ಪಕ್ಷದ ಸದಸ್ಯರು ಎಂದು ಪ್ರಮಾಣ ಮಾಡಿ ಹೇಳಿದ. ಬುಕಿಂಗ್‌ಗಳು ಒಂದೊಂದಾಗಿ ಬಿದ್ದವು. ದೊಡ್ಡ ಹೋಟೆಲ್‌ಗಳಲ್ಲಿ ಹಾಡುತ್ತಿದ್ದವರು ಸಣ್ಣ ಬಾರ್‌ಗಳಿಗೆ ಇಳಿದರು, ವರ್ಷದ ಕೊನೆಗೆ ತಂಡ ನಿಂತಿತು. ಡೆಕ್ಕಾ ಗುತ್ತಿಗೆಯನ್ನೂ ಬಿಟ್ಟಿತು, ಹಳೆಯ ಪ್ಲೇಟುಗಳನ್ನೂ ಮಾರಾಟದಿಂದ ತೆಗೆಯಿತು. ಅಷ್ಟು ಹೊತ್ತಿಗೆ ಇವರ ಪ್ಲೇಟುಗಳು ಸುಮಾರು 40 ಲಕ್ಷ ಮಾರಾಟವಾಗಿದ್ದವು.

ಮಟುಸೊ 1955ರಲ್ಲಿ ತಾನು ಅನೇಕರ ವಿರುದ್ಧ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡ, ಅದರ ಮೇಲೆ ಪುಸ್ತಕವನ್ನೂ ಬರೆದ. ಸುಳ್ಳು ಸಾಕ್ಷ್ಯಕ್ಕಾಗಿ ಜೈಲಿಗೂ ಹೋದ. ವಿಚಿತ್ರ ನೋಡಿ, ಶಿಕ್ಷೆಯಾದದ್ದು ಹಳೆಯ ಸುಳ್ಳುಗಳಿಗಲ್ಲ; ಸರ್ಕಾರಿ ವಕೀಲ ರಾಯ್ ಕೋನ್ ತನಗೆ ಸುಳ್ಳು ಹೇಳಿಕೊಟ್ಟರು ಎಂದು ಆಮೇಲೆ ಹೇಳಿದ್ದಕ್ಕೆ.

ವಿಚಾರಣೆಯಲ್ಲಿ ಸೀಗರ್ ಮತ್ತು ಹೇಸ್ ಏನು ಹೇಳಿದರು?

ಇಬ್ಬರನ್ನೂ 1955ರ ಆಗಸ್ಟಿನಲ್ಲಿ ಒಂದೇ ವಾರ ಕರೆಸಿದರು, ಇಬ್ಬರೂ ಹಿಡಿದ ದಾರಿ ಬೇರೆ. ಹೇಸ್ ಸಂವಿಧಾನದ ಐದನೇ ತಿದ್ದುಪಡಿಯ ಆಸರೆ ಪಡೆದರು. ತನ್ನ ಮಾತೇ ತನಗೆ ಮುಳುವಾಗುವಂತಿದ್ದರೆ ಉತ್ತರ ಕೊಡದಿರುವ ಹಕ್ಕು ಅದು. ಅದನ್ನು ಬಳಸಿದವರನ್ನು ಜೈಲಿಗೆ ಹಾಕುವಂತಿರಲಿಲ್ಲ, ಆದರೆ ಕೆಲಸ ಸಿಗುತ್ತಿರಲಿಲ್ಲ. ಸೀಗರ್ ಆ ಕೊಡೆ ಹಿಡಿಯಲಿಲ್ಲ. ನನ್ನ ನಂಬಿಕೆ, ನನ್ನ ಒಡನಾಟ ಕೇಳುವ ಅಧಿಕಾರವೇ ನಿಮಗಿಲ್ಲ ಎಂದು, ಮಾತಿನ ಸ್ವಾತಂತ್ರ್ಯವನ್ನು ಕಾಯುವ ಮೊದಲ ತಿದ್ದುಪಡಿಯ ನೆಲೆಯಲ್ಲಿ ನಿಂತರು. ಬೇಕಾದರೆ ಹಾಡಿ ತೋರಿಸುತ್ತೇನೆ, ಯಾರ ಮುಂದೆ ಹಾಡಿದೆ ಎಂದು ಹೇಳುವುದಿಲ್ಲ ಎಂಬುದು ಅವರ ನಿಲುವು. ಇದರಲ್ಲಿ ಜೈಲಿನ ಅಪಾಯ ನೇರವಾಗಿತ್ತು. 1957ರಲ್ಲಿ ಸಂಸತ್ತಿನ ನಿಂದನೆಯ ಹತ್ತು ಆರೋಪ ಹೊರಿಸಿದರು, 1961ರಲ್ಲಿ ಒಂದು ವರ್ಷ ಶಿಕ್ಷೆಯಾಯಿತು, 1962ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ರದ್ದಾದದ್ದು ಆರೋಪಪಟ್ಟಿಯ ದೋಷದಿಂದ, ಮೊದಲ ತಿದ್ದುಪಡಿಯ ವಾದವನ್ನು ಒಪ್ಪಿ ಅಲ್ಲ. ಬಹಳ ಜನ ಈ ವ್ಯತ್ಯಾಸ ಮರೆಯುತ್ತಾರೆ.

ಮತ್ತೆ ಒಂದಾದದ್ದು ಹೇಗೆ?

ಹೆರಾಲ್ಡ್ ಲೆವೆಂಥಾಲ್ ಎಂಬ ಮ್ಯಾನೇಜರ್ ಮಾಡಿದ ಉಪಾಯದಿಂದ. ಪ್ರತಿಯೊಬ್ಬರಿಗೂ ‘ಉಳಿದ ಮೂವರು ಒಪ್ಪಿದ್ದಾರೆ’ ಎಂದು ಹೇಳಿ ನಾಲ್ವರನ್ನೂ ಒಪ್ಪಿಸಿದರು. 1955ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಕಾರ್ನೆಗಿ ಹಾಲ್ ತುಂಬಿತು. ರೇಡಿಯೊ ಇಲ್ಲ, ಟಿವಿ ಇಲ್ಲ, ಅಂಗಡಿಯಲ್ಲಿ ಪ್ಲೇಟೂ ಇಲ್ಲ. ಆದರೂ ಟಿಕೆಟ್ ಎಲ್ಲ ಖಾಲಿ. ಆ ರಾತ್ರಿಯ ಮುದ್ರಿಕೆಯನ್ನು ವ್ಯಾನ್‌ಗಾರ್ಡ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ 1957ರಲ್ಲಿ ಹೊರತಂದಿತು. ಮೊದಲು ಹೇಳಿದ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿಗೂ ಈ ಕಂಪನಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

ಸೀಗರ್ ತಂಡ ಬಿಟ್ಟದ್ದು ಏಕೆ? ಅವರ ಜಾಗಕ್ಕೆ ಯಾರು ಬಂದರು?

ಸಿಗರೇಟು ಜಾಹೀರಾತಿನ ಹಾಡಿನಿಂದ. ಕಪ್ಪುಪಟ್ಟಿಯಿಂದ ಬಳಲಿದ್ದ ಉಳಿದ ಮೂವರಿಗೆ ಆ ದುಡ್ಡು ಬೇಕಿತ್ತು, ಸೀಗರ್ ಬೇಡವೆಂದರು, ಮೂರಕ್ಕೆ ಒಂದು ಮತದಿಂದ ಸೋತರು. ಮಾತು ತಪ್ಪಬಾರದೆಂದು ಹೋಗಿ ಹಾಡಿಬಂದು, 1958ರಲ್ಲಿ ರಾಜೀನಾಮೆ ಕೊಟ್ಟರು. ಒಬ್ಬರೇ ಹಾಡಲು ಕಾಲೇಜುಗಳಿಂದ ಕರೆ ಹೆಚ್ಚಿದ್ದೂ ಒಂದು ಕಾರಣ. ತಮ್ಮ ಜಾಗಕ್ಕೆ ಬ್ಯಾಂಜೊ ನುಡಿಸುವ ಎರಿಕ್ ಡಾರ್ಲಿಂಗ್ ಹೆಸರು ಸೂಚಿಸಿದ್ದೂ ಸೀಗರ್ ಅವರೇ. ಡಾರ್ಲಿಂಗ್ 1962ರವರೆಗೆ ಇದ್ದು ರೂಫ್‌ಟಾಪ್ ಸಿಂಗರ್ಸ್ ಕಟ್ಟಿದರು. ಆಮೇಲೆ ಷಿಕಾಗೊದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್ ಸ್ಥಾಪಕರಲ್ಲೊಬ್ಬರಾದ ಫ್ರ್ಯಾಂಕ್ ಹ್ಯಾಮಿಲ್ಟನ್, ಕೊನೆಗೆ ಬರ್ನಿ ಕ್ರಾಸ್. ಈ ಕ್ರಾಸ್ ಮುಂದೆ ಕಾಡಿನ ಸದ್ದುಗಳನ್ನು ಮುದ್ರಿಸುವುದರಲ್ಲಿ ಜಗತ್ತಿಗೇ ಹೆಸರಾದರು. 1964ರಲ್ಲಿ ತಂಡ ಮುಚ್ಚಿತು.

ಅಷ್ಟರಲ್ಲಿ ಇವರು ಬಿತ್ತಿದ್ದನ್ನು ಬೇರೆಯವರು ಕೊಯ್ಯುತ್ತಿದ್ದರು. 1958ರಲ್ಲಿ ‘ಟಾಮ್ ಡೂಲಿ’ಯಿಂದ ಹೆಸರಾದ ಕಿಂಗ್‌ಸ್ಟನ್ ಟ್ರಯೊ ಇವರ ಪ್ಲೇಟು ಕೇಳಿಯೇ ಬೆಳೆದದ್ದು. ಜನಪದ ಹಾಡಿನ ಅಲೆ ಉಕ್ಕಿದಾಗಲೂ ಕಪ್ಪುಪಟ್ಟಿ ಸಡಿಲವಾಗಲಿಲ್ಲ: 1962ರ ಜನವರಿಯಲ್ಲಿ ಎನ್‌ಬಿಸಿ ಟಿವಿಯ ಕಾರ್ಯಕ್ರಮಕ್ಕೆ ಕರೆದು, ದೇಶನಿಷ್ಠೆಯ ಮುಚ್ಚಳಿಕೆಗೆ ಸಹಿ ಹಾಕಲು ಒಪ್ಪಲಿಲ್ಲವೆಂದು ವಾಪಸ್ ಕಳಿಸಿದರು.

ಸೀಗರ್‌ರ ಬ್ಯಾಂಜೊ ಕತ್ತು ಅಷ್ಟು ಉದ್ದ ಏಕೆ?

ಅವರು ತಮ್ಮ ಹಾಡಿಗೆ ತಕ್ಕಂತೆ ಉದ್ದ ಮಾಡಿಸಿಕೊಂಡದ್ದು. ಸಾಮಾನ್ಯ ಐದು ತಂತಿಯ ಬ್ಯಾಂಜೊಗೆ 22 ಮೆಟ್ಟು. ಅವರದ್ದಕ್ಕೆ ಕೆಳಗೆ ಮೂರು ಹೆಚ್ಚು, ಒಟ್ಟು 25. ಹೀಗಾಗಿ ಜಿ ಶ್ರುತಿಯ ವಾದ್ಯ ಒಂದೂವರೆ ಸ್ವರ ಕೆಳಗೆ ಇ ವರೆಗೆ ಇಳಿಯುತ್ತದೆ. ಮಾಮೂಲಿ ಎತ್ತರ ಬೇಕಾದಾಗ ಮೂರನೇ ಮೆಟ್ಟಿನ ಮೇಲೆ ಕೇಪೊ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಪಟ್ಟಿ, ಬಿಗಿದರೆ ಆಯಿತು. ಐದನೇ ತಂತಿ ಗಿಡ್ಡ, ಅದರ ಬಿರಡೆ ಕತ್ತಿನ ನಡುವೆಯೇ ಇರುತ್ತದೆ. ಹೆಬ್ಬೆರಳಿನಿಂದ ಮೀಟುವ ಆ ತಂತಿ ಒಂದೇ ಸ್ವರ ನುಡಿಯುತ್ತಿರುತ್ತದೆ. ನಮ್ಮ ತತ್ವಪದದವರ ಏಕತಾರಿಯ ಕೆಲಸ ಅದೇ.

ನಾವು ನಾಲ್ವರು ಸೇರಿ ಇವರಂತೆ ಹಾಡಬೇಕಾದರೆ ಎಲ್ಲಿಂದ ಶುರು ಮಾಡುವುದು?

ಐರೀನ್‌ನಿಂದ. ಮೂರು ಎಣಿಕೆಯ ನಡೆ, ಗಿಟಾರಿನಲ್ಲಿ ಜಿ, ಸಿ, ಡಿ7 ಎಂಬ ಮೂರೇ ಕಾರ್ಡ್ ಸಾಕು. ಸ್ವರದಲ್ಲಿ ಹೇಳುವುದಾದರೆ ಶಂಕರಾಭರಣದ ಸ್ವರಗಳಲ್ಲಿ ಸ-ಗ-ಪ, ಮ-ಧ-ಸ, ಪ-ನಿ-ರಿ ಎಂಬ ಮೂರು ಗೊಂಚಲು.

ಮೊದಲು ನಾಲ್ವರೂ ಒಂದೇ ರಾಗವನ್ನು ಒಟ್ಟಿಗೆ ಹಾಡಿ, ಎಲ್ಲರ ಉಸಿರು ಒಂದೇ ಕಡೆ ಬೀಳುವವರೆಗೆ. ಶ್ರುತಿಯನ್ನು ಮಂದ್ರದವರನ್ನು ನೋಡಿ ಆರಿಸಬೇಡಿ, ರಾಗ ಹಾಡುವವರನ್ನು ನೋಡಿ ಆರಿಸಿ. ಆಮೇಲೆ ಮಂದ್ರದವರಿಗೆ ಪ್ರತಿ ಗೊಂಚಲಿನ ಮೊದಲ ಸ್ವರ ಮಾತ್ರ ಕೊಡಿ: ಸ, ಮ, ಪ. ಕೆಳಗಿನ ಸ್ಥಾಯಿಯಲ್ಲಿ ರಾಗವನ್ನೇ ಹಾಡುವುದು ಇಲ್ಲಿ ಆಗುವ ಮೊದಲ ತಪ್ಪು. ಹಾಗೆ ಮಾಡಿದರೆ ದನಿ ದಪ್ಪವಾಗುತ್ತದೆಯೇ ಹೊರತು ಹೆಣಿಗೆ ಬರುವುದಿಲ್ಲ. ಮೂರನೆಯವರು ರಾಗಕ್ಕಿಂತ ಒಂದು ಸ್ವರ ಬಿಟ್ಟು ಮೇಲೆ ನಡೆಯಲಿ: ರಾಗ ಸ ಇದ್ದಾಗ ಗ, ರಿ ಇದ್ದಾಗ ಮ. ಆದರೆ ಇದನ್ನು ಕಣ್ಣು ಮುಚ್ಚಿ ಪಾಲಿಸಿದರೆ ಕೆಡುತ್ತದೆ. ಸ-ಗ-ಪ ಗೊಂಚಲಿನಲ್ಲಿ ರಾಗ ಪ ಮೇಲೆ ನಿಂತರೆ ಲೆಕ್ಕದ ಪ್ರಕಾರ ಬರುವ ನಿ ಕರ್ಕಶವಾಗಿ ಕೇಳುತ್ತದೆ, ಅಲ್ಲಿ ಮೇಲಿನ ಸ ಹಿಡಿಯಬೇಕು. ನಾಲ್ಕನೆಯವರು ಉಳಿದ ಸ್ವರ ತುಂಬಿದರೆ ಸಾಕು.

ನಮ್ಮವರು ಹಾಡುವಾಗ ಎಡವುವುದು ಗಮಕದಲ್ಲಿ. ರಾಗ ಹಿಡಿದವರು ಗ ಸ್ವರವನ್ನು ಒಂಚೂರು ತೂಗಿದರೂ ಅದಕ್ಕೆ ಕೂಡಿಸಿದ ಉಳಿದ ಮೂರು ಸ್ವರಗಳೂ ಅಪಸ್ವರವಾಗಿ ಕೇಳುತ್ತವೆ, ತಪ್ಪು ಅವರದ್ದೇ ಎನಿಸುತ್ತದೆ. ಸ್ವರ ನೆಟ್ಟಗೆ ನಿಲ್ಲಲಿ. ಯಾರಾದರೂ ತಮ್ಮ ಸಾಲು ಬಿಟ್ಟು ರಾಗಕ್ಕೆ ಜಾರುತ್ತಿದ್ದರೆ ರಾಗದವರನ್ನು ಒಂದು ಚರಣ ಸುಮ್ಮನಿರಿಸಿ ಉಳಿದ ಮೂವರೇ ಹಾಡಿ ನೋಡಿ.

ವಿಮೊವೆ ಆಮೇಲೆ. ಸ, ಮ, ಸ, ಪ ಎಂಬ ಸುತ್ತು ಕೊನೆಯವರೆಗೆ ಬದಲಾಗುವುದಿಲ್ಲ; ಸುಲಭ ಎನಿಸಿ ಎಲ್ಲರೂ ವೇಗ ಏರಿಸಿಬಿಡುತ್ತಾರೆ. ಕಾಲಿನಲ್ಲಿ ತಾಳ ಹಾಕುವ ಒಬ್ಬರನ್ನು ನೇಮಿಸಿಕೊಳ್ಳಿ.

‘ವಿ ಶಲ್ ಓವರ್‌ಕಮ್’ ವೀವರ್ಸ್ ಹಾಡೇ? ಕನ್ನಡದ ‘ಗೆದ್ದೇ ಗೆಲ್ಲುವೆವು’ ಅದರಿಂದ ಬಂದದ್ದೇ?

ತಂಡದ ಹಾಡಲ್ಲ, ಆದರೆ ಸೀಗರ್ ಕೈ ಅದರಲ್ಲಿದೆ. 1945–46ರಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ಮುಷ್ಕರ ಹೂಡಿದ್ದ ತಂಬಾಕು ಕಾರ್ಖಾನೆಯ ಕಪ್ಪು ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡದು. ಅವರಿಂದ ಜಿಲ್ಫಿಯಾ ಹಾರ್ಟನ್ ಕಲಿತು ಸೀಗರ್‌ಗೆ ಹೇಳಿಕೊಟ್ಟರು. 1948ರಲ್ಲಿ ಪೀಪಲ್ಸ್ ಸಾಂಗ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. 1960ರಲ್ಲಿ ಗೈ ಕ್ಯಾರವಾನ್ ಎಂಬ ಗಾಯಕ ಕಪ್ಪು ವಿದ್ಯಾರ್ಥಿಗಳಿಗೆ ಹಾಡಿಸಿದ ಮೇಲೆ ನಾಗರಿಕ ಹಕ್ಕುಗಳ ಹೋರಾಟದ ಹಾಡಾಯಿತು. ಹಿಂದಿಯ ‘ಹೋಂಗೆ ಕಾಮಯಾಬ್’, ಕನ್ನಡದ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಅದೇ ರಾಗದವು.

ಈ ನಾಲ್ವರು ಕೊನೆಯ ಸಲ ಹಾಡಿದ್ದು ಯಾವಾಗ?

ದೊಡ್ಡ ವೇದಿಕೆಯಲ್ಲಿ 1980ರ ನವೆಂಬರ್ 28 ಮತ್ತು 29ರಂದು, ಅದೇ ಕಾರ್ನೆಗಿ ಹಾಲ್‌ನಲ್ಲಿ. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಕಳೆದುಕೊಂಡಿದ್ದ ಹೇಸ್ ಗಾಲಿಕುರ್ಚಿಯಲ್ಲಿ ಬಂದರು. ಅದರ ತಯಾರಿಯಿಂದ ಹಿಡಿದು ಎಲ್ಲವನ್ನೂ ಜಿಮ್ ಬ್ರೌನ್ ಎಂಬ ನಿರ್ದೇಶಕರು ಸಾಕ್ಷ್ಯಚಿತ್ರವಾಗಿ ತೆಗೆದರು. ಅದು 1982ರಲ್ಲಿ ಬಂತು. ಹೇಸ್ 1981ರ ಆಗಸ್ಟ್ 26ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಬೂದಿಯನ್ನು ಅವರ ತೋಟದ ಗೊಬ್ಬರದ ಗುಂಡಿಗೇ ಬೆರೆಸಿದರು. ಸೀಗರ್ 2014ರಲ್ಲಿ, ಗಿಲ್ಬರ್ಟ್ 2015ರಲ್ಲಿ, ಹೆಲರ್‌ಮನ್ 2016ರಲ್ಲಿ ಹೋದರು.

ಕೇಳಲು ಯಾವ ಮುದ್ರಿಕೆಯಿಂದ ಆರಂಭಿಸಬೇಕು?

1955ರ ಕಾರ್ನೆಗಿ ಹಾಲ್ ಮುದ್ರಿಕೆಯಿಂದ. ಡೆಕ್ಕಾ ಪ್ಲೇಟುಗಳು ಇವರಿಗೆ ಹೆಸರು ತಂದವು, ನಿಜ, ಆದರೆ ಪಿಟೀಲು ಮತ್ತು ದೊಡ್ಡ ಕೋರಸ್ಸಿನ ಕೆಳಗೆ ನಾಲ್ಕು ದನಿ ಹುಡುಕಬೇಕಾಗುತ್ತದೆ. ಕಾರ್ನೆಗಿಯಲ್ಲಿ ಬ್ಯಾಂಜೊ, ಗಿಟಾರ್, ನಾಲ್ಕು ಕಂಠ, ಸಭಿಕರ ಸದ್ದು ಮಾತ್ರ. ಅದು ಕೇಳಿದ ಮೇಲೆ ಡೆಕ್ಕಾದ ಐರೀನ್ ಕೇಳಿ, ಕೊನೆಗೆ ಲೆಡ್ ಬೆಲ್ಲಿಯದನ್ನೂ ಸಾಲೊಮನ್ ಲಿಂಡಾನ ಮೂಲವನ್ನೂ ಕೇಳಿ.

ಕೊಳ್ಳುವಾಗ ಒಂದು ಎಚ್ಚರ: ‘ಕಾರ್ನೆಗಿ ಹಾಲ್, ಎರಡನೇ ಸಂಪುಟ’ ಎಂದಿರುವುದು 1955ರ ರಾತ್ರಿಯ ಉಳಿಕೆ ಭಾಗವಲ್ಲ. ಅದು 1960ರ ಕಾರ್ಯಕ್ರಮ, ಬ್ಯಾಂಜೊ ಎರಿಕ್ ಡಾರ್ಲಿಂಗ್ ಅವರದು. ಸೀಗರ್ ದನಿ ಹುಡುಕಿಕೊಂಡು ಅದನ್ನು ತಂದವರು ಬಹಳ. 1963ರ ಪುನರ್ಮಿಲನದ ಮುದ್ರಿಕೆಯಲ್ಲಿ ಮಾತ್ರ ಹಳಬರು, ಹೊಸಬರು ಎಲ್ಲರೂ ಇದ್ದಾರೆ. 1993ರಲ್ಲಿ ಬಂದ ನಾಲ್ಕು ಸಿಡಿಗಳ ಪೆಟ್ಟಿಗೆ ಸಿಕ್ಕರೆ ಡೆಕ್ಕಾ ಕಾಲದ್ದೂ ವ್ಯಾನ್‌ಗಾರ್ಡ್ ಕಾಲದ್ದೂ ಒಂದೇ ಕಡೆ ಕೇಳಬಹುದು.